ಒಂದೂವರೆ ಮೈಲಿ ರೇಷ್ಮೆ

ಕೆಲವರ ಜೀವನದಲ್ಲಿ ನಗೆಪಾಟಲು ಅಪರೂಪಕ್ಕೊಮ್ಮೆ ಬಂದು ಹೋಗುವ ನೆಂಟ. ನನ್ನ ಮನೆಯಲ್ಲಿ ಅದು ಬಾಡಿಗೆಗೆ ಇದೆ. ಎಪ್ಪತ್ತು ದಾಟಿದ ಮೇಲಾದರೂ ಖಾಲಿ ಮಾಡೀತು ಅಂದುಕೊಂಡಿದ್ದೆ, ಮೊನ್ನೆ ಮೊಮ್ಮಗಳ ನಾಮಕರಣದಲ್ಲಿ ಯಾರದೋ ಚಪ್ಪಲಿ ಹಾಕಿಕೊಂಡು ಬಂದು ಕಳ್ಳನೆನಿಸಿಕೊಂಡೆ. ಆದದ್ದನ್ನೆಲ್ಲ ಹೇಳುತ್ತ ಕೂತರೆ ಕೇಳುವವರಿಗೆ ಊಟದ ಹೊತ್ತು ಮೀರುತ್ತದೆ. ಎರಡನೇ ಮಹಾಯುದ್ಧದ ಕಾಲದ ಒಂದೇ ಒಂದು ವಾರದ ಕಥೆ ಹೇಳಿ ಸುಮ್ಮನಾಗುತ್ತೇನೆ.

ಆಗ ನನಗೆ ಇಪ್ಪತ್ತು ವರ್ಷ. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ನಮ್ಮ ಮನೆ, ಮನೆಯೊಳಗೆ ಎರಡು ಮಗ್ಗ. ಅಪ್ಪ ಬೇಗ ತೀರಿಕೊಂಡಿದ್ದರಿಂದ ನನಗಿಂತ ಹದಿನೈದು ವರ್ಷಕ್ಕೆ ದೊಡ್ಡವನಾದ ಅಣ್ಣನೇ ಯಜಮಾನ. ಅಣ್ಣನಿಗೆ ಜಗತ್ತಿನಲ್ಲಿ ಎರಡೇ ವಸ್ತು ಕಾಣುತ್ತಿದ್ದವು, ರೇಷ್ಮೆ ಮತ್ತು ರೇಷ್ಮೆ ಅಲ್ಲದ್ದು. ನಾನು ಎರಡನೆಯದರಲ್ಲಿ ಸೇರಿದ್ದೆ. ನನ್ನ ಹಳೇ ಸೈಕಲ್ಲೂ ಅಷ್ಟೇ.

ಆ ವಾರದ ಭಾನುವಾರ ಒಂದು ಸೈಕಲ್ ಪಂದ್ಯ ಇತ್ತು. ಸ್ಕೂಲಿನ ಡ್ರಿಲ್ ಮೇಷ್ಟ್ರು ಏರ್ಪಾಡು ಮಾಡಿದ್ದು. ನಮ್ಮೂರಿಂದ ಹೊರಟು ದೇವನಹಳ್ಳಿ ಕೋಟೆ ಬಾಗಿಲು ಮುಟ್ಟಬೇಕು. ಗೆದ್ದವನಿಗೆ ಒಂದು ಜೊತೆ ಹೊಸ ಟೈರು. ಈಗಿನವರಿಗೆ ಇದು ನಗು ತರಿಸಬಹುದು. ರಬ್ಬರೆಲ್ಲ ಯುದ್ಧಕ್ಕೆ ಹೋಗುತ್ತಿದ್ದ ಆ ಕಾಲದಲ್ಲಿ ಹೊಸ ಟೈರು ಕಣ್ಣಿಂದ ನೋಡಿದವನೂ ನಮ್ಮ ಬೀದಿಯಲ್ಲಿ ಇರಲಿಲ್ಲ.

೧. ಸೋಮವಾರ: ಎಲ್ಲಿಗೂ ಹೋಗದ ಸವಾರಿ

ಬೆಳಿಗ್ಗೆ ಎದ್ದವನೇ ಸೈಕಲ್ ಶಾಪಿನ ಸಾಬರ ಹತ್ತಿರ ಹೋದೆ. ಅವರು ನನ್ನ ಹಿಂದಿನ ಟೈರನ್ನು ತಿರುಗಿಸಿ ತಿರುಗಿಸಿ ನೋಡಿದರು. ವೈದ್ಯರು ನಾಡಿ ಹಿಡಿದು ಮುಖ ಸಣ್ಣಗೆ ಮಾಡುತ್ತಾರಲ್ಲ, ಹಾಗೆ ಮಾಡಿದರು.

"ಇದು ಇನ್ನು ಎರಡು ಸಲ ದೇವನಹಳ್ಳಿ ನೋಡ್ತದೆ ಬೇಟಾ," ಅಂದರು. "ಮೂರನೇ ಸಲ ಹೋಗ್ಬೇಕಾದ್ರೆ ಸೈಕಲ್ಲು ನಿನ್ನ ಮೇಲೆ ಸವಾರಿ ಮಾಡ್ತದೆ."

"ಪಂದ್ಯಕ್ಕೆ ಅಭ್ಯಾಸ ಮಾಡ್ಬೇಕಲ್ಲ ಸಾಬ್ರೇ?"

"ಟೈರು ಬಿಚ್ಚಿಟ್ಟು ಸ್ಟ್ಯಾಂಡ್ ಮೇಲೆ ತುಳಿ. ಕಾಲಿಗೇನು ಗೊತ್ತಾಗ್ತದೆ, ಮನೇಲಿದೀನೋ ರೋಡಲ್ಲಿದೀನೋ ಅಂತ?"

ಮಾತು ಸರಿ ಅನ್ನಿಸಿತು. ಟೈರನ್ನು ಬಿಚ್ಚಿ ಗೋಡೆಗೆ ನೇತುಹಾಕಿ, ಸೈಕಲ್ಲನ್ನು ಪಡಸಾಲೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ ತುಳಿಯತೊಡಗಿದೆ. ಒಳಗಿನಿಂದ ಅಣ್ಣ ಮಗ್ಗದ ಗುಂಡಿಯಲ್ಲಿ ಕೂತೇ ಹೇಳಿದ: "ನೋಡು, ಇದೇ ಕೊನೆ. ಟೈರು ಗೆದ್ರೆ ಸೈಕಲ್ ನಿಂದು, ಎಲ್ಲಿಗಾದ್ರೂ ಹೋಗು. ಸೋತ್ರೆ ಸೋಮವಾರ ಅದನ್ನ ಮಾರ್ಬಿಡೋದು. ನೀನು ಮಗ್ಗಕ್ಕೆ ಕೂತ್ಕೊ."

"ಆಗ್ಲಿ ಅಣ್ಣ," ಅಂದೆ. ಅಷ್ಟು ಸುಲಭವಾಗಿ ಅಂದದ್ದಕ್ಕೆ ಈಗಲೂ ನನ್ನ ನಾಲಿಗೆ ಮೇಲೆ ಕೋಪ ಬರುತ್ತದೆ.

ಬೀದಿಯವರಿಗೆ ಅವತ್ತು ಬೇರೆ ಕೆಲಸವೇ ಇರಲಿಲ್ಲ. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು. ಪಕ್ಕದ ಮನೆ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಬಂದು ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ನೋಡಿದಳು. ನಾನು ಬೆವರು ಸುರಿಸುತ್ತ ಏದುಸಿರು ಬಿಡುತ್ತಿದ್ದೆ.

"ಎಲ್ಲಿಗೆ ಹೊರಟಿದೀಯಪ್ಪಾ?"

"ಎಲ್ಲಿಗೂ ಇಲ್ಲ ಅಜ್ಜಿ."

ಅಜ್ಜಿ ತಲೆಯಾಡಿಸಿ ಎದ್ದಳು. "ಆಯ್ತು, ಬೇಗ ಬಂದ್ಬಿಡು."

೨. ಮಂಗಳವಾರ: ಅತ್ತಿಗೆಯ ಕಣ್ಣು

ನಮ್ಮ ಮನೆಯಲ್ಲಿ ಯಾರಾದರೂ ಕೈ ತಿರುಗಿಸುತ್ತಿದ್ದರೆ, ಕಾಲು ತಿರುಗಿಸುತ್ತಿದ್ದರೆ ಅದಕ್ಕೊಂದು ನೂಲು ಕಟ್ಟಬೇಕು ಅನ್ನಿಸುವುದು ಸಹಜ. ಅತ್ತಿಗೆ ಬೆಳಗಿನ ಕಾಫಿ ಲೋಟ ಹಿಡಿದು ನನ್ನ ಸೈಕಲ್ಲಿನ ಹಿಂದೆ ನಿಂತಿದ್ದಳು. ಟೈರಿಲ್ಲದ ರಿಮ್ಮು ಗಿರಗಿರ ತಿರುಗುತ್ತಿತ್ತು.

"ರೀ," ಅಂತ ಅಣ್ಣನನ್ನು ಕರೆದಳು. "ಬನ್ನಿ ಇಲ್ಲಿ. ಇದು ರಾಟೆ ಕಣ್ರೀ."

ಅಣ್ಣ ಹಗಲು ಹೊತ್ತಿನಲ್ಲಿ ಮಗ್ಗದಿಂದ ಏಳುವವನಲ್ಲ. ಎದ್ದು ಬಂದ. ರಿಮ್ಮಿನ ತೋಡಿನಲ್ಲಿ ಬೆರಳಿಟ್ಟು ನೋಡಿದ. ಹೋಗಿ ಮನೆಯ ರಾಟೆಯ ಕದಿರನ್ನು, ನೂಲು ಸುತ್ತಿಕೊಳ್ಳುವ ಕಬ್ಬಿಣದ ಕಡ್ಡಿಯನ್ನು, ತಂದು ಸೈಕಲ್ಲಿನ ಹಿಂದೆ ಮಣೆ ಮೇಲೆ ನಿಲ್ಲಿಸಿ, ರಿಮ್ಮಿನಿಂದ ಕದಿರಿಗೆ ದಾರ ಬಿಗಿದ. ಕದಿರಿಗೆ ಮರದ ಕೊಳವೆ ಸಿಕ್ಕಿಸಿದ. "ತುಳಿ," ಅಂದ.

ತುಳಿದೆ. ಅತ್ತಿಗೆ ಅರ್ಧ ದಿನ ಕೂತು ಸುತ್ತುವ ರೇಷ್ಮೆ ಕಾಲು ಗಂಟೆಯಲ್ಲಿ ಕೊಳವೆಗೆ ಸುತ್ತಿಕೊಂಡಿತು. ನನ್ನ ಬದುಕಿನಲ್ಲಿ ಮೊದಲ ಸಲ ಅಣ್ಣ ನನ್ನ ಸೈಕಲ್ಲನ್ನು ಪ್ರೀತಿಯಿಂದ ನೋಡಿದ.

ಅಭ್ಯಾಸ ಮುಗಿಸಿ ಇಳಿದು ಹೊರಟರೆ ಹಿಂದಿನಿಂದ ಬೈಗುಳ ಬಂತು. ನಮ್ಮ ಮನೆಯ ಪದ್ಧತಿಯೊಂದಿದೆ. ಸುತ್ತುವುದು ನಿಲ್ಲಿಸಿದಾಗ ಕೊಳವೆಯ ನೂಲಿನ ತುದಿಯನ್ನು ಹಾಗೇ ಬಿಡಬಾರದು, ಮಗ್ಗದ ಕಂಬಕ್ಕೆ ಕಟ್ಟಿಯೇ ಏಳಬೇಕು. ಬಿಟ್ಟರೆ ಲಕ್ಷ್ಮಿ ಮನೆ ಬಿಟ್ಟು ಹೋಗುತ್ತಾಳೆ ಎಂದು ನಮ್ಮ ತಾತನ ಕಾಲದಿಂದ ನಂಬಿಕೆ. ನನಗೆ ಅದು ಎಂದೂ ನೆನಪಿರುತ್ತಿರಲಿಲ್ಲ.

"ತುದಿ ಕಟ್ಟೋಕೂ ಬರಲ್ವೇನೋ ನಿಂಗೆ? ಲಕ್ಷ್ಮೀನ ಬೀದಿಗೆ ಕಳಿಸ್ತೀಯಾ?" ಅಂತ ಅಣ್ಣ ತಾನೇ ಕಟ್ಟಿದ.

ಊಟದ ಹೊತ್ತಿಗೆ ಅವನ ಸಿಟ್ಟು ಇಳಿದಿತ್ತು. "ಸೋತ್ರೂ ಸೈಕಲ್ ಮಾರೋದು ಬೇಡ," ಅಂದ. ನನ್ನ ಕಣ್ಣಲ್ಲಿ ನೀರು ಬಂತು. ಎಷ್ಟಾದರೂ ಒಡಹುಟ್ಟಿದವನು ಅಂದುಕೊಂಡೆ.

"ಸ್ಟ್ಯಾಂಡ್ ಮೇಲೇ ಇರ್ಲಿ," ಅಂತ ಮುಂದುವರಿಸಿದ. "ಹೆಂಗೂ ತುಳಿಯೋಕೆ ನೀನಿದೀಯಲ್ಲ."

೩. ಬುಧವಾರ: ಹೆಂಗೂ ಹೋಗ್ತಿದೀಯಲ್ಲ

ಒಂದು ಸಲವಾದರೂ ದಾರಿ ನೋಡಿಕೊಳ್ಳಬೇಕಿತ್ತು. ಎರಡು ಸಲದಲ್ಲಿ ಒಂದು ಸಲವನ್ನು ಇದಕ್ಕೆ ಕೊಡೋಣ ಎಂದು ಹಿಂದಿನ ದಿನವೇ ಮನೆಯಲ್ಲಿ ಹೇಳಿ, ಟೈರು ಹಾಕಿಕೊಂಡು ಬೆಳಿಗ್ಗೆ ಹೊರಟೆ. ಅಣ್ಣ ಬಾಗಿಲಲ್ಲಿ ತಡೆದ.

"ಹೆಂಗೂ ದೇವನಹಳ್ಳಿಗೆ ಹೋಗ್ತಿದೀಯಲ್ಲ, ಹಂಗೇ ವಿಜಯಪುರಕ್ಕೆ ಹೋಗಿ ರೇಷ್ಮೆ ಲಡಿ ತಂದ್ಬಿಡು."

ದೇವನಹಳ್ಳಿ ಆಚೆಯ ಈ ರೇಷ್ಮೆ ಊರು 'ಹಂಗೇ' ಹೋಗಿಬರುವಷ್ಟು ಹತ್ತಿರ ಇಲ್ಲ. ಹೋದೆ. ಲಡಿ, ಅಂದರೆ ಕೊಳವೆಗೆ ಸುತ್ತುವ ಮೊದಲಿನ ನೂಲಿನ ಕಟ್ಟು, ತೆಗೆದುಕೊಂಡೆ. ವಾಪಸ್ ದೇವನಹಳ್ಳಿಗೆ ಬಂದರೆ ಅತ್ತಿಗೆಯ ತಾಯಿ, ಆ ಊರಿನವರೇ, ರಸ್ತೆಯಲ್ಲಿ ಚೀಲ ಇಟ್ಟುಕೊಂಡು ನನ್ನನ್ನೇ ಕಾಯುತ್ತಿದ್ದಾರೆ. ಅತ್ತಿಗೆ ಹಿಂದಿನ ದಿನವೇ ಹೇಳಿ ಕಳಿಸಿದ್ದಳಂತೆ.

"ಹೆಂಗೂ ಹೋಗ್ತಿದೀಯಲ್ಲಪ್ಪಾ," ಅಂತ ಕ್ಯಾರಿಯರ್ ಮೇಲೆ ಕೂತರು. ತೊಡೆ ಮೇಲೆ ಒಂದು ಚೀಲ ಚಕ್ಕೋತ. ಒಂದೊಂದು ಹಣ್ಣು ಮಗುವಿನ ತಲೆಯಷ್ಟು. ಹಿಂದಿನ ಟೈರು ನರಳುವುದು ನನಗೆ ಕೇಳಿಸುತ್ತಿತ್ತು. ಏರು ಬಂದ ಕಡೆ ನಾನು ಇಳಿದು ತಳ್ಳಿದೆ. ಅವರು ಇಳಿಯಲಿಲ್ಲ. ಇಳಿದರೆ ಹಣ್ಣು ಉರುಳುತ್ತದೆ ಅಂದರು.

ಊರ ಹತ್ತಿರ ಪೊಲೀಸಿನವನೊಬ್ಬ ಅಡ್ಡ ಬಂದ. ಸೈಕಲ್ಲಿನ ಮೇಲೆ ಇಬ್ಬರು ಕೂರುವಂತಿರಲಿಲ್ಲ ಆಗ.

"ಏನಮ್ಮಾ, ಡಬಲ್ ಹೋಗಬಾರ್ದು ಅಂತ ಗೊತ್ತಿಲ್ವಾ? ಇವನು ಯಾರು ನಿಮಗೆ?"

ಅತ್ತಿಗೆಯ ತಾಯಿ ನೆಲಕ್ಕೆ ಕಾಲೂರಿ, ಸೆರಗು ಸರಿ ಮಾಡಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರೋ ಕಾಣೆನಪ್ಪಾ. ಪಾಪ, ವಯಸ್ಸಾದೋಳು ಅಂತ ಕೂರಿಸ್ಕೊಂಡ."

ಪೊಲೀಸಿನವನು ಅವರನ್ನು ಬಿಟ್ಟ; ಹಣ್ಣಿನ ಚೀಲ ನನಗೇ ಬಿಟ್ಟು ಅವರು ಮನೆ ಕಡೆ ನಡೆದರು. ನನ್ನನ್ನು ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿಕೊಂಡ. ಕೊನೆಗೆ ಎರಡು ಚಕ್ಕೋತಕ್ಕೆ ವಿಷಯ ಮುಗಿಯಿತು. ಮನೆಗೆ ಬಂದರೆ ಅತ್ತಿಗೆ ಹಣ್ಣು ಎಣಿಸಿ ಕೇಳಿದಳು, "ಏನ್ ಹೊಟ್ಟೆಯೋ ನಿಂದು, ದಾರೀಲೇ ಎರಡು ತಿಂದ್ಬಿಟ್ಯಾ?"

೪. ಗುರುವಾರ, ಶುಕ್ರವಾರ: ಪ್ರೇಕ್ಷಕರು

ಈ ಎರಡು ದಿನವೂ ಒಳಗೇ ಸವಾರಿ. ಬುಧವಾರ ತಂದ ಲಡಿಯೆಲ್ಲ ಸುತ್ತಬೇಕಿತ್ತು. ಬೆಳಿಗ್ಗೆ ಆರಕ್ಕೆ ಹತ್ತಿದರೆ ಗಂಜಿ ಕುಡಿಯಲು ಮಾತ್ರ ಇಳಿಯುತ್ತಿದ್ದೆ. ನಾನು ಜೋರಾಗಿ ತುಳಿದರೆ ಅತ್ತಿಗೆ "ನೂಲು ಕಡೀತದೆ, ಮೆಲ್ಲಗೆ" ಅನ್ನುತ್ತಿದ್ದಳು. ಮೆಲ್ಲಗೆ ತುಳಿದರೆ ಅಣ್ಣ "ನಿದ್ದೆ ಮಾಡ್ತಿದೀಯಾ?" ಅನ್ನುತ್ತಿದ್ದ. ಹೀಗಾಗಿ ಜೋರೂ ಅಲ್ಲದ ಮೆಲ್ಲಗೂ ಅಲ್ಲದ ಒಂದೇ ಹದ ನನ್ನ ಕಾಲಿಗೆ ಬಂತು. ಸೀಟಿನ ಹಿಂದೆ ರಿಪೇರಿ ಸಾಮಾನು ಇಡಲು ನೇತಾಡುವ ಚರ್ಮದ ಚೀಲವೊಂದಿತ್ತು, ಬಾಯಿ ಹರಿದದ್ದು. ಅತ್ತಿಗೆ ಅದರಿಂದ ನನ್ನ ಸ್ಪ್ಯಾನರು ತೆಗೆದು ಎಸೆದು ಸುತ್ತಿದ ಕೊಳವೆ ಇಡತೊಡಗಿದಳು. ಇಲಿಗೆ ಎಟುಕುವುದಿಲ್ಲ ಅಂತ.

ಶುಕ್ರವಾರ ಮಧ್ಯಾಹ್ನ ಅಕ್ಕಿ ಗಿರಣಿ ಸಾಹುಕಾರರ ಮಗ ಬಂದ. ಅವನೂ ಪಂದ್ಯಕ್ಕೆ ಹೆಸರು ಕೊಟ್ಟಿದ್ದ. ಅವನದು ಹೊಸ ಸೈಕಲ್ಲು, ಹೊಸ ಟೈರು. ಎಲ್ಲಿಂದ ತರಿಸಿದ್ದರೋ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಬಾಗಿಲಲ್ಲಿ ನಿಂತು ನೋಡಿದ. ನಾನು ತುಳಿಯುತ್ತಿದ್ದೆ. ಸುತ್ತಲೂ ಬೀದಿಯ ನಾಲ್ಕು ಹೆಂಗಸರು ತಮ್ಮ ತಮ್ಮ ಲಡಿ ಹಿಡಿದು ಸಾಲಾಗಿ ಕೂತಿದ್ದರು. ಅತ್ತಿಗೆ ಅವರಿಗೆಲ್ಲ ಹೊತ್ತು ಹಂಚಿಕೊಟ್ಟಿದ್ದಳು.

"ಏನ್ ಗುರು, ನಾನು ದಿನಾ ನಂದಿ ಬೆಟ್ಟದ ರೋಡಲ್ಲಿ ಹೊಡೀತಿದೀನಿ. ನಿಂದೇನು?"

ನಾನು ಬಾಯಿ ತೆರೆಯುವ ಮುಂಚೆ ಒಬ್ಬ ಹೆಂಗಸು ಅವನಿಗೆ ಹೇಳಿದಳು: "ಸರದಿ ಹಿಂದೆ ನಿಂತ್ಕೊಳಪ್ಪಾ. ನಂದಾದ್ಮೇಲೆ ನಿಂದು."

೫. ಶನಿವಾರ: ತುದಿ ಕಟ್ಟಿದ್ದು

ಸಂಜೆ ಟೈರು ಹಾಕಿ, ಗಾಳಿ ತುಂಬಿ, ಸೈಕಲ್ಲನ್ನು ಮಗ್ಗದ ಪಕ್ಕ ಒರಗಿಸಿ ನಿಲ್ಲಿಸಿದೆ. ಕೊನೆಯದಾಗಿ ಸುತ್ತಿದ ದೊಡ್ಡ ಕೊಳವೆ, ಮೆಂತ್ಯದ ಬಣ್ಣದ ರೇಷ್ಮೆ, ಚೀಲದಲ್ಲೇ ಇತ್ತು. ಆ ವಾರದಲ್ಲಿ ಮೊದಲ ಸಲ, ಯಾರೂ ಹೇಳದೆ, ನಾನೇ ನೆನಪಿಟ್ಟುಕೊಂಡು ಅದರ ತುದಿಯನ್ನು ಮಗ್ಗದ ಕಂಬಕ್ಕೆ ಕಟ್ಟಿದೆ. ಎರಡು ಗಂಟು. ಅಣ್ಣ ನೋಡಿದ, ಏನೂ ಅನ್ನಲಿಲ್ಲ. ಅವನು ಏನೂ ಅನ್ನಲಿಲ್ಲ ಅಂದರೆ ಅದೇ ಹೊಗಳಿಕೆ.

ಆ ಧೈರ್ಯದ ಮೇಲೆ ಕೇಳಿದೆ, "ಅಣ್ಣ, ನಾಳೆ ನೋಡೋಕೆ ಬರ್ತೀಯಾ? ಮನೆ ಮುಂದಿನ ರಸ್ತೇಲೇ ಶುರು."

"ಮಗ್ಗ ಯಾರು ನೋಡ್ಕೋತಾರೆ?"

"ಒಂದೈದು ನಿಮಿಷ ಅಣ್ಣ."

"ಐದು ನಿಮಿಷಕ್ಕೆ ನಾಲ್ಕು ಬೆರಳು ನೇಯ್ತೀನಿ," ಅಂದ.

ಸ್ಕೂಲಿನಲ್ಲಿ ಬಹುಮಾನ ಬಂದಾಗಲೂ ಅವನು ಬಂದಿರಲಿಲ್ಲ. ನಾಟಕದಲ್ಲಿ ಅರ್ಜುನನ ಪಾತ್ರ ಮಾಡಿದಾಗಲೂ ಬರಲಿಲ್ಲ. ನನಗೆ ನಿಜವಾಗಿ ಬೇಸರವಾಯಿತು. ಟೈರಿಗಿಂತ ಹೆಚ್ಚಾಗಿ ಅದೊಂದು ಬೇಕಾಗಿತ್ತು ನನಗೆ, ಆ ಐದು ನಿಮಿಷ. ಅತ್ತಿಗೆ ನನ್ನ ಮುಖ ನೋಡಿ ಮರುಗಿ, ಸಮಾಧಾನಕ್ಕೆಂದು ಒಂದು ಚಕ್ಕೋತ ಸುಲಿದು ಕೊಟ್ಟಳು. "ತಿನ್ನು," ಅಂದಳು. "ಬುಧವಾರದ ಎರಡನ್ನ ಮರೆತಿದೀನಿ."

೬. ಭಾನುವಾರ

ಬೆಳಿಗ್ಗೆ ಅಣ್ಣ ಸ್ನಾನಕ್ಕೆ ಹೋಗಿದ್ದ, ಅತ್ತಿಗೆ ಒಲೆ ಮುಂದೆ ಇದ್ದಳು. ನಾನು ಸೈಕಲ್ ತೆಗೆದುಕೊಂಡು ಹೊರಟೆ. ಚೀಲದ ಕೊಳವೆಯಾಗಲಿ, ಕಂಬಕ್ಕೆ ಕಟ್ಟಿದ ತುದಿಯಾಗಲಿ ನನ್ನ ತಲೆಯಲ್ಲಿ ಇರಲಿಲ್ಲ. ಕಂಬದಿಂದ ಹೊರಟ ಎಳೆ ನನ್ನ ಹಿಂದೆ ಪಡಸಾಲೆ ದಾಟಿ, ಹೊಸ್ತಿಲು ದಾಟಿ, ರಸ್ತೆಗೆ ಬಂತು. ಮಣ್ಣಿನ ರಸ್ತೆ, ಮೆಂತ್ಯದ ಬಣ್ಣದ ಎಳೆ. ಯಾರ ಕಣ್ಣಿಗೂ ಬೀಳಲಿಲ್ಲ.

ಒಂಬತ್ತು ಜನ ಸಾಲಾಗಿ ನಿಂತೆವು. ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ವಾರವಿಡೀ ರೇಷ್ಮೆ ಸುತ್ತಿದ ಕಾಲು ನನ್ನದು, ಮೊದಲ ತುಳಿತಕ್ಕೇ ಹದ ಹಿಡಿಯಿತು. ಊರ ಕೊನೆಯ ಹುಣಿಸೆ ಮರ ಬರುವ ಹೊತ್ತಿಗೆ ನಾನೇ ಮುಂದೆ. ಮುಂದಿನವನ ಜಾಡಲ್ಲೇ ಹೋದರೆ ಗಾಳಿ ತಾಗುವುದಿಲ್ಲ ಎಂದು ಮೇಷ್ಟ್ರು ಎಲ್ಲರಿಗೂ ಹೇಳಿಕೊಟ್ಟಿದ್ದರು. ಎಂಟು ಜನರೂ ವಿಧೇಯ ಶಿಷ್ಯರು, ಒಬ್ಬರ ಹಿಂದೊಬ್ಬರು ನನ್ನ ಜಾಡಲ್ಲೇ ಬರುತ್ತಿದ್ದರು.

ಆಗ ಹಿಂದೆ ಕೂಗು ಕೇಳಿತು. ತಿರುಗಿ ನೋಡಿದೆ.

ಅಣ್ಣ ಓಡಿ ಬರುತ್ತಿದ್ದ. ಒದ್ದೆ ತಲೆ, ಬರಿ ಮೈ, ಪಂಚೆ ಎತ್ತಿ ಕಟ್ಟಿದ್ದಾನೆ. ಅವನ ಹಿಂದೆ ಅತ್ತಿಗೆ, ಅತ್ತಿಗೆಯ ಹಿಂದೆ ಪಕ್ಕದ ಮನೆ ಅಜ್ಜಿ ಸಮೇತ ಇಡೀ ನೇಕಾರರ ಬೀದಿ. ಅಣ್ಣ ಎರಡೂ ಕೈ ಮೇಲೆತ್ತಿ ನನ್ನ ಹೆಸರು ಹಿಡಿದು ಕೂಗುತ್ತಿದ್ದ.

ಬಂದೇಬಿಟ್ಟನಲ್ಲ! ಮಗ್ಗ ಬಿಟ್ಟು ಬಂದ! ನಾನು ಒಂದು ಕೈ ಬಿಟ್ಟು ಅವನತ್ತ ಬೀಸಿದೆ. ಅವನು ತಲೆ ತಲೆ ಚಚ್ಚಿಕೊಂಡ. ಸಂತೋಷ ತಡೆಯಲಾರದೆ ಹಾಗೆ ಮಾಡುತ್ತಿದ್ದಾನೆ ಅಂದುಕೊಂಡೆ. ಕಣ್ಣೊರೆಸಿಕೊಂಡು ಇನ್ನಷ್ಟು ಜೋರಾಗಿ ತುಳಿದೆ.

ನಾನು ನಿಲ್ಲದ್ದನ್ನು ಕಂಡು ಅಣ್ಣ ರಸ್ತೆಯ ಮೇಲೆ ಬಿದ್ದಿದ್ದ ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದನಂತೆ. ಎಳೆ ನೆಲದಿಂದ ಮೇಲೆದ್ದಿತು. ಎದ್ದದ್ದು ಸರಿಯಾಗಿ ಎಂಟು ಸೈಕಲ್ಲಿನ ಚೈನಿಗೆ. ನಮ್ಮ ರೇಷ್ಮೆ ಅಷ್ಟು ಸುಲಭಕ್ಕೆ ಬಿಡುವುದಲ್ಲ. ಮೊದಲು ಗಿರಣಿ ಸಾಹುಕಾರರ ಮಗ ಬಿದ್ದ, ಅವನ ಮೇಲೆ ಎರಡನೆಯವನು, ಎರಡನೆಯವನ ಮೇಲೆ ಮೂರನೆಯವನು. ಆ ಸದ್ದು ನನಗೂ ಕೇಳಿತು. ಜನ ಚಪ್ಪಾಳೆ ತಟ್ಟುತ್ತಿದ್ದಾರೆ ಅಂದುಕೊಂಡೆ.

ದೇವನಹಳ್ಳಿ ಕೋಟೆ ಬಾಗಿಲಿಗೆ ಒಬ್ಬನೇ ಬಂದೆ. ಬಾವುಟ ಹಿಡಿದವನೊಬ್ಬ, ಚಕ್ಕೋತ ಮಾರುವವಳೊಬ್ಬಳು, ಇಷ್ಟೇ ಜನ. ಕಾದೆ. ಯಾರೂ ಬರಲಿಲ್ಲ. ನನ್ನ ವೇಗಕ್ಕೆ ನಾನೇ ಬೆರಗಾದೆ. ಎಷ್ಟೋ ಹೊತ್ತಿನ ಮೇಲೆ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಹೊಗೆ ಕಾರುತ್ತ ಬಂತು. ಮೇಲೆ ಎಂಟು ಸೈಕಲ್ಲು, ಒಳಗೆ ಬ್ಯಾಂಡೇಜು ಸುತ್ತಿಕೊಂಡ ಎಂಟು ಜನ. ಡ್ರಿಲ್ ಮೇಷ್ಟ್ರು ಇಳಿದವರೇ ನೇರವಾಗಿ ನನ್ನ ಸೀಟಿನ ಚೀಲಕ್ಕೆ ಕೈ ಹಾಕಿ ಖಾಲಿ ಕೊಳವೆ ಎತ್ತಿ ಹಿಡಿದರು.

"ಏನೋ ಇದು?"

ನನಗೆ ಆಗ ಎಲ್ಲ ಅರ್ಥವಾಯಿತು. ಅಣ್ಣ ಓಡಿ ಬಂದದ್ದು, ಕೈ ಎತ್ತಿದ್ದು, ತಲೆ ಚಚ್ಚಿಕೊಂಡದ್ದು.

"ಬೇಕಂತ ದಾರ ಬಿಟ್ಟು ಎಲ್ಲರನ್ನೂ ಬೀಳಿಸಿದೀಯ. ನಿನ್ನ ಹೆಸರು ಹೊಡೆದು ಹಾಕಿದೀನಿ."

"ಹಾಗಾದ್ರೆ ಬಹುಮಾನ ಯಾರಿಗೆ ಸಾರ್?" ಬಾವುಟದವನು ಕೇಳಿದ. ಮೇಷ್ಟ್ರು ಬಹಳ ಯೋಚಿಸಿದರು. ಕೊನೆಗೆ ಬಿದ್ದವರಲ್ಲಿ ಎಲ್ಲರಿಗಿಂತ ಮುಂದೆ ಬಿದ್ದವನಿಗೆ ಎಂದು ತೀರ್ಪಾಯಿತು. ಟೈರು ಗಿರಣಿ ಸಾಹುಕಾರರ ಮಗನಿಗೆ ಹೋಯಿತು.

ನನ್ನ ಟೈರು ಸಾಬರ ಮಾತನ್ನು ಚೆನ್ನಾಗಿ ಉಳಿಸಿಕೊಂಡಿತು. ದೇವನಹಳ್ಳಿಯನ್ನು ಎರಡನೇ ಸಲ ನೋಡಿ, ಊರು ಬಿಡುತ್ತಲೇ ಒಡೆಯಿತು. ತಳ್ಳಿಕೊಂಡು ಬಂದೆ. ನಮ್ಮೂರಿಗೆ ಇನ್ನೂ ಒಂದೂವರೆ ಮೈಲಿ ಇರುವಾಗ ರಸ್ತೆ ಬದಿ ಅಣ್ಣ ಕೂತಿದ್ದ. ರೇಷ್ಮೆ ಮುಗಿದದ್ದು ಅಲ್ಲಿ. ಮನೆಯಿಂದ ಅಲ್ಲಿಯವರೆಗೂ ಎಳೆ ಎತ್ತುತ್ತ, ಧೂಳು ಒರೆಸುತ್ತ, ಕೋಲಿಗೆ ಸುತ್ತುತ್ತ ಬಂದಿದ್ದಾನೆ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ.

"ಅಣ್ಣ, ನಾನೇ ಮೊದಲು ಬಂದಿದ್ದು," ಅಂದೆ. ಯಾರಿಗಾದರೂ ಹೇಳಬೇಕಿತ್ತು.

ಅವನು ಎಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಆ ಕತ್ತೆಗಳು ಬಿದ್ದ ಜಾಗ ಬಿಟ್ರೆ ಇನ್ನೆಲ್ಲೂ ಕಡಿದಿಲ್ಲ ಕಣೋ. ಎಷ್ಟು ಹದವಾಗಿ ತುಳಿದಿದೀಯ." ಅಷ್ಟು ವರ್ಷದಲ್ಲಿ ಅವನು ಬಾಯಿಬಿಟ್ಟು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆಮೇಲೆ ಕೋಲನ್ನು ನನ್ನ ಕೈಗೆ ಕೊಟ್ಟ. "ಹಿಡ್ಕೊ. ನಾಳೆ ಆರಕ್ಕೆ ಸ್ಟ್ಯಾಂಡ್ ಹಾಕು."

ಸೈಕಲ್ಲು ಮತ್ತೆ ಹೊಸ್ತಿಲು ದಾಟಲಿಲ್ಲ. ಯುದ್ಧ ಮುಗಿದು ಅಂಗಡಿಗೆ ಟೈರು ಬರುವ ಹೊತ್ತಿಗೆ ನನಗೆ ಅದನ್ನು ಕೇಳುವ ಆಸೆಯೂ ಹೋಗಿತ್ತು. ಒಂದೂವರೆ ಮೈಲಿ ರೇಷ್ಮೆಯನ್ನು ಅಣ್ಣ ವ್ಯರ್ಥ ಮಾಡಲಿಲ್ಲ, ತೊಳೆದು ಒಂದು ಸೀರೆಯ ಸೆರಗಿಗೆ ನೇಯ್ದ. ಬಹಳ ಚೆನ್ನಾಗಿ ಬಂದಿತ್ತು. ಗಿರಣಿ ಸಾಹುಕಾರರು ಬಂದು, ನೋಡಿ, ಮಗನ ಮದುವೆಗೆಂದು ಅದನ್ನೇ ತೆಗೆದುಕೊಂಡು ಹೋದರು.

ಮದುವೆಗೆ ನಮ್ಮನ್ನೂ ಕರೆದಿದ್ದರು. ಹಸೆಯ ಮೇಲೆ ಮದುಮಗ ಕೂತಿದ್ದ, ಮೊಣಕೈಯಲ್ಲಿ ಇನ್ನೂ ಗಾಯದ ಕಲೆ. ಅಕ್ಷತೆ ಹಾಕುವ ನೆಪದಲ್ಲಿ ಹತ್ತಿರ ಹೋಗಿ ಕೇಳಿದೆ, "ಟೈರು ಹೆಂಗಿದೆ?"

"ಯಾವ ಟೈರು?" ಅಂದ. ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಓ, ಅದಾ! ಅಟ್ಟದ ಮೇಲಿರ್ಬೇಕು. ಕಾಗದಾನೂ ಬಿಚ್ಚಿಲ್ಲ."

ಕೈಯಲ್ಲಿದ್ದ ಅಕ್ಷತೆಯನ್ನೆಲ್ಲ ಒಟ್ಟಿಗೇ ಅವನ ತಲೆಗೆ ಎಸೆದು ಬಂದು ಕೂತೆ. ಅಷ್ಟರಲ್ಲಿ ಪುರೋಹಿತರು ಹುಡುಗಿಯ ಸೀರೆಯ ಸೆರಗನ್ನು ಎಳೆದು ಅವನ ಶಲ್ಯಕ್ಕೆ ಗಂಟು ಹಾಕತೊಡಗಿದರು. ಮೆಂತ್ಯದ ಬಣ್ಣದ ಸೆರಗು. ನನ್ನ ಪಕ್ಕದಲ್ಲಿ ಕೂತಿದ್ದ ಅಣ್ಣ ಕತ್ತು ಮುಂದೆ ಚಾಚಿ, ಗಂಟು ಎಷ್ಟು ಬಿಗಿಯಾಗಿದೆ ಎಂದು ನೋಡಿ, ನನ್ನ ಕಿವಿಯಲ್ಲಿ ಹೇಳಿದ:

"ನೋಡೋ, ಅದೇ ರೇಷ್ಮೆಗೆ ಮತ್ತೆ ಬಿದ್ದ. ಈ ಸಲ ಬಸ್ಸೂ ಬರಲ್ಲ."